ಹುಚ್ಚರ ಕಾಯಿದೆ ಮತ್ತು ನಮ್ಮ ಕೇರಿ

ನಮ್ಮ ಕೇರೀಲಿ ಯಾರಾದರೂ ಒಡೆಯರ ಎದುರು ನಿಂತು ಮಾತಾಡಿದರೆ 'ಇವನಿಗೆ ತಲೆ ಕೆಟ್ಟಿದೆ' ಅಂತಿದ್ದರು. ಹೊಟ್ಟೆಗಿಲ್ಲದೆ ಒಬ್ಬಳೇ ಗೊಣಗಿಕೊಂಡು ಹೋದರೂ ತಲೆ ಕೆಟ್ಟಿದೆ ಅಂತಿದ್ದರು. ನಿಜವಾಗಿ ಕಾಯಿಲೆ ಬಿದ್ದು, ಕಿವಿಯಲ್ಲಿ ಯಾರೋ ಮಾತಾಡ್ತಾರೆ ಅಂತ ರಾತ್ರಿಯೆಲ್ಲ ಒದ್ದಾಡುವವರಿಗೂ ಅದೇ ಮಾತು. ಮೂವರಿಗೂ ಒಂದೇ ಹೆಸರು. ಈ ಹೆಸರಿಡುವ ಅಧಿಕಾರ ಯಾರ ಕೈಯಲ್ಲಿತ್ತು? ಹೆಸರಿಟ್ಟ ಮೇಲೆ ಆ ಮನುಷ್ಯನನ್ನ ಎಲ್ಲಿಗೆ ಒಯ್ದರು? ಒಯ್ದ ಮೇಲೆ ಅವನ ಪಾಡೇನಾಯಿತು? ರಾಜರ ಪಟ್ಟಾಭಿಷೇಕದ ತಾರೀಕುಗಳನ್ನ ಬಾಯಿಪಾಠ ಮಾಡಿಸಿದ ಚರಿತ್ರೆ ಮೇಷ್ಟ್ರು ನಮಗೆ ಇದನ್ನ ಹೇಳಲಿಲ್ಲ. ಅವರ ಪುಸ್ತಕದಲ್ಲೂ ಇರಲಿಲ್ಲ.

ಮೊದಲು ನಮ್ಮ ಮನೆಯ ಮಾತು ಹೇಳಿಬಿಡುತ್ತೇವೆ. 1990ರ ದಶಕದಲ್ಲಿ, ನಾವು ಹುಟ್ಟುವ ಮುಂಚೆ, ನಮ್ಮ ದೊಡ್ಡವ್ವ ತನ್ನ ಕೂಸು ಸತ್ತ ಮೇಲೆ ನಿದ್ದೆ ಬಿಟ್ಟಳು. ಗದ್ದೆ ಬಯಲಲ್ಲಿ ಒಬ್ಬಳೇ ಅಲೆಯೋಳು. ಊರ ಬಾವಿ ಹತ್ತಿರ ಹೋಗಿ ಕೂಗಾಡೋಳು. ಕೂಗಿದ್ದಕ್ಕಿಂತ ಬಾವಿ ಮುಟ್ಟಿದ್ದೇ ಊರಿಗೆ ದೊಡ್ಡ ಅಪರಾಧವಾಯಿತು. ಊರವರು ಹೇಳಿ ಕಳಿಸಿದರು, ಪೊಲೀಸರು ಬಂದರು, ಜೀಪು ಹತ್ತಿಸಿದರು. ಕಾಯಿಲೆ ನೋಡಿ ಕರೆದೊಯ್ದರೋ, ಬಾವಿ ನೋಡಿ ಕರೆದೊಯ್ದರೋ, ನಮ್ಮವ್ವನಿಗೆ ಇವತ್ತಿಗೂ ಗೊತ್ತಿಲ್ಲ. ಆಮೇಲೆ ನಮ್ಮಜ್ಜನಿಂದ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಆ ಕಾಗದದಲ್ಲಿ ಏನು ಬರೆದಿದೆ ಅಂತ ಓದಿ ಹೇಳೋರು ನಮ್ಮ ಮನೆಯಲ್ಲಿರಲಿ, ಕೇರಿಯಲ್ಲೇ ಯಾರೂ ಇರಲಿಲ್ಲ.

ನಾಲ್ಕು ವರ್ಷದ ಮೇಲೆ ದೊಡ್ಡವ್ವ ಬಂದಳು. ತಲೆಗೂದಲು ಕತ್ತರಿಸಿದ್ದರು. ಕೂಗಾಟ ನಿಂತಿತ್ತು, ರಾತ್ರಿ ನಿದ್ದೆ ಮಾಡ್ತಿದ್ದಳು. ಇದನ್ನ ನಾವು ಮುಚ್ಚಿಡೋದಿಲ್ಲ, ಔಷಧಿ ಕೆಲಸ ಮಾಡಿತ್ತು. ಆದರೆ ಊಟದ ಹೊತ್ತಿಗೆ ತಟ್ಟೆ ಹಿಡಕೊಂಡು ಬಾಗಿಲ ಹತ್ತಿರ ಹೋಗಿ ನಿಲ್ಲೋಳು, ಮುಂದೆ ಯಾರೂ ಇಲ್ಲದ ಸಾಲಿನಲ್ಲಿ. ಬಯಲಕಡೆಗೆ ಹೋಗಬೇಕಾದರೆ 'ಹೋಗಲಾ?' ಅಂತ ಕೇಳೋಳು, ನಮ್ಮಕ್ಕ ಆರು ವರ್ಷದ ಮಗು, ಅವಳನ್ನೂ ಕೇಳೋಳು. ಕತ್ತಲಾದರೆ ಹೊರಗಿನಿಂದ ಚಿಲಕ ಹಾಕಿ ಅನ್ನೋಳು. ಊರವರು 'ವಾಸಿಯಾಯ್ತು, ಸೌಮ್ಯವಾಗಿದಾಳೆ' ಅಂದರು. ನಮ್ಮವ್ವ ಮಾತ್ರ 'ಕಳಿಸಿದ್ದು ನಮ್ಮಕ್ಕನ್ನ, ಬಂದದ್ದು ಬೇರೆ ಯಾರೋ' ಅಂದಳು.

ನಾವು ಪ್ರೈಮರಿ ಸ್ಕೂಲಿನಲ್ಲಿದ್ದಾಗ ಕಾಯಿಲೆ ಮತ್ತೆ ಬಂತು. ಆಸ್ಪತ್ರೆಯ ಸಿಸ್ಟರೊಬ್ಬರು ಮಾತ್ರೆ ಹಿಡಿದು ಕೇರಿಗೇ ಬಂದರು, ಒಳ್ಳೆ ಹೆಣ್ಣುಮಗಳು. ಗಾಡಿ ಸದ್ದು ಕೇಳಿದ್ದೇ ತಡ ದೊಡ್ಡವ್ವ ಕಬ್ಬಿನ ಗದ್ದೆ ಹೊಕ್ಕಳು. ಹೀಗೆ ಮೂರು ಸಲ. ಕಡೇತನಕ ಒಂದು ಮಾತ್ರೆ ನುಂಗಲಿಲ್ಲ. ಒಂದು ಮಳೆಗಾಲದಲ್ಲಿ ಅಲೆದು ಅಲೆದು ಜ್ವರ ಬಂದು ತೀರಿಕೊಂಡಳು. ಅವಳನ್ನ ತೆಗೆದದ್ದು ಕಾಯಿಲೆಯೋ, ಆ ಜೀಪಿನ ಭಯವೋ?

ಓದಲಿಕ್ಕೆ ಕಲಿತ ಮೇಲೆ ನಾವು ಹುಡುಕಿಕೊಂಡು ಹೋದದ್ದು ಅಜ್ಜ ಹೆಬ್ಬೆಟ್ಟು ಒತ್ತಿದ ಆ ಕಾಗದದ ಹಿಂದಿನ ಚರಿತ್ರೆಯನ್ನ.

*

ಗೆಳೆಯರೆ, ಆ ಕಾಗದದ ಬೇರು 1858ರಲ್ಲಿದೆ. ಸಿಪಾಯಿ ದಂಗೆಯನ್ನ ತುಳಿದುಹಾಕಿ, ಕಂಪನಿಯ ಕೈಯಿಂದ ಈ ದೇಶವನ್ನ ರಾಣಿಯ ಕೈಗೆ ದಾಟಿಸಿಕೊಂಡ ವರ್ಷ ಅದು. ಅದೇ ವರ್ಷ ಬಿಳಿಯರ ಸರ್ಕಾರ ಹುಚ್ಚರ ಕಾಯಿದೆಯನ್ನೂ ಮಾಡಿತು. ಬೀದಿಯಲ್ಲಿ ಅಲೆಯುವ ಹುಚ್ಚರನ್ನ ಪೊಲೀಸರು ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ಅವರು ಆಶ್ರಮಕ್ಕೆ ಕಳಿಸಬೇಕು. ಆಶ್ರಮ ಅಂತ ಹೆಸರು, ಸುತ್ತ ಗೋಡೆ. ನಮ್ಮ ನಾಡಿನಲ್ಲಿ ಬೆಂಗಳೂರಿಗೂ ಧಾರವಾಡಕ್ಕೂ ಇಂಥ ಆಶ್ರಮಗಳು ಬಂದದ್ದು ಈ ಕಾಯಿದೆಗೂ ಮುಂಚೆ, 1840ರ ದಶಕದಲ್ಲಿ. ಇವತ್ತಿಗೂ ಉತ್ತರದ ಕಡೆ 'ಇವನ್ನ ಧಾರವಾಡಕ್ಕ ಕಳಸ್ರಿ' ಅಂತ ನಗ್ತಾರೆ. ನಗುವವರು ಯಾರೂ ಆ ಗೋಡೆಯ ಒಳಗಿನ ಚರಿತ್ರೆಯನ್ನ ಕೇಳಿದವರಲ್ಲ.

1912ರಲ್ಲಿ ಇನ್ನೂ ದೊಡ್ಡ ಕಾಯಿದೆ ಬಂತು, ಇಂಡಿಯನ್ ಲೂನಸಿ ಆಕ್ಟ್. ಇದರಲ್ಲಿ ಎರಡು ಬಾಗಿಲು. ಮನೆಮಠ ಇದ್ದವರಿಗೆ ಒಂದು. ಬಂಧುಗಳು ಅರ್ಜಿ ಹಾಕಬೇಕು, ವೈದ್ಯರ ಸರ್ಟಿಫಿಕೇಟು ಲಗತ್ತಿಸಬೇಕು, ಮ್ಯಾಜಿಸ್ಟ್ರೇಟರು ನೋಡಿ ಆಜ್ಞೆ ಮಾಡಬೇಕು. ಇನ್ನೊಂದು ಬಾಗಿಲು ಪೊಲೀಸ್ ಠಾಣೆಯದು. ಠಾಣೆಯ ಅಧಿಕಾರಿಗೆ 'ಇವನು ಹುಚ್ಚ' ಅಂತ ನಂಬಲು ಕಾರಣ ಕಂಡರೆ ಸಾಕು, ಅಲೆಯುವವನನ್ನ ಹಿಡಿಯಬಹುದು. ಅಪಾಯಕಾರಿ ಅನ್ನಿಸಿದರೆ ಹಿಡಿಯಲೇಬೇಕು. ಈಗ ಯೋಚನೆ ಮಾಡಿ. ಅಲೆಯುವವರು ಯಾರು? ಸ್ವಂತ ಜಗಲಿ ಇದ್ದವನು ಹುಚ್ಚನಾದರೂ ಜಗಲಿ ಮೇಲೆ ಕೂತಿರ್ತಾನೆ, ಬೀಗ ಹಾಕಿಕೊಳ್ಳಲಿಕ್ಕೆ ಕೋಣೆಯಾದರೂ ಇರುತ್ತೆ. ಒಂದು ಗುಡಿಸಲಲ್ಲಿ ಏಳು ಜನ ಮಲಗುವವರು ಎಲ್ಲಿಗೆ ಹೋಗಬೇಕು? ಬೀದಿಗೇ ಹೋಗಬೇಕು. ಬಡವನ ಬೀದಿ ಅವನ ಮನೆಯ ಪಡಸಾಲೆ. ಕಾಯಿದೆ ಅದನ್ನೇ ಅಪರಾಧದ ಗುರುತು ಮಾಡಿತು. ಅದರಲ್ಲಿ ಜಾತಿಯ ಹೆಸರು ಎಲ್ಲೂ ಇರಲಿಲ್ಲ, ಇರುವ ಅಗತ್ಯವೂ ಇರಲಿಲ್ಲ.

ಬಣ್ಣದ ಹೆಸರು ಮಾತ್ರ ಗೋಡೆಯ ಮೇಲೇ ಇತ್ತು. ರಾಂಚಿಯಲ್ಲಿ 1918ರಲ್ಲಿ ಬಿಳಿಯ ಹುಚ್ಚರಿಗಾಗಿಯೇ ಒಂದು ಆಶ್ರಮ ತೆರೆದರು. 1925ರಲ್ಲಿ ಭಾರತೀಯರ ಆಸ್ಪತ್ರೆ ಅದೇ ಊರಿಗೆ ಬೇರೆಯಾಗಿ ಬಂತು. ಬುದ್ಧಿ ಕಳಕೊಂಡ ಮೇಲೂ ಬಿಳಿಯ ಬಿಳಿಯನೇ, ಕರಿಯ ಕರಿಯನೇ! ಊರು ಬೇರೆ ಕೇರಿ ಬೇರೆ ಮಾಡಿ ಗೊತ್ತಿರೋ ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

ಸ್ವಾತಂತ್ರ್ಯಕ್ಕೆ ಒಂದು ವರ್ಷ ಮುಂಚೆ, 1946ರಲ್ಲಿ, ಭೋರ್ ಸಮಿತಿಯ ವರದಿ ಬಂತು. ಅದಕ್ಕಾಗಿ ಕರ್ನಲ್ ಮೂರ್ ಟೇಲರ್ ದೇಶದ ಮಾನಸಿಕ ಆಸ್ಪತ್ರೆಗಳನ್ನ ಕಂಡು ಬಂದಿದ್ದರು. ಇಡೀ ದೇಶಕ್ಕೆ ಇದ್ದದ್ದು 19 ಆಸ್ಪತ್ರೆ, ಸುಮಾರು 10,000 ಹಾಸಿಗೆ. ಅವರು ಕಂಡದ್ದು ಇಷ್ಟು: ಹೆಚ್ಚಿನವು ವಾಸಿ ಮಾಡಲಿಕ್ಕೆ ಕಟ್ಟಿದ ಕಟ್ಟಡಗಳಲ್ಲ, ಕೂಡಿಹಾಕಲಿಕ್ಕೆ ಕಟ್ಟಿದವು. ಇದು ಗೊತ್ತಾದ ಮೇಲೂ 1912ರ ಕಾಯಿದೆ ಹಾಗೇ ಉಳಿಯಿತು. ಬಿಳಿಯರು ಹೋದರು, ಅವರ ಬೀಗ ಹೋಗಲಿಲ್ಲ. 1987ರಲ್ಲಿ ಸಂಸತ್ತು ಮಾನಸಿಕ ಆರೋಗ್ಯ ಕಾಯಿದೆಯನ್ನ ಪಾಸು ಮಾಡಿತು, ಅದು ಜಾರಿಗೆ ಬಂದದ್ದು 1993ರ ಏಪ್ರಿಲ್‌ನಲ್ಲಿ. ಅಲ್ಲಿಯವರೆಗೆ, ಅಂದರೆ ಸ್ವಾತಂತ್ರ್ಯ ಬಂದು 45 ವರ್ಷ ದಾಟಿದ ಮೇಲೂ, ನಮ್ಮನ್ನ ಹುಚ್ಚರೆಂದು ಹಿಡಿಯುತ್ತಿದ್ದುದು ಬಿಳಿಯರ ಕಲಮಿನಲ್ಲೇ.

*

ಈ ಕಲಮುಗಳು ಒಬ್ಬ ಮನುಷ್ಯನಿಗೆ ಏನು ಮಾಡಿದವು ಅಂತ ತಿಳಿಯಬೇಕಾದರೆ ಮಾಚಾಂಗ್ ಲಾಲುಂಗನ ಹೆಸರನ್ನ ನಾವು ನೆನಪಿಡಬೇಕು. ಅಸ್ಸಾಮಿನ ಲಾಲುಂಗ್ ಬುಡಕಟ್ಟಿನವನು. 1951ರಲ್ಲಿ, 23ರ ಹರೆಯದಲ್ಲಿ, ಯಾರಿಗೋ ಗಾಯ ಮಾಡಿದ ಅಂತ ಪೊಲೀಸರು ಹಿಡಿದರು. ವಿಚಾರಣೆ ಎದುರಿಸುವ ಸ್ಥಿತಿಯಲ್ಲಿಲ್ಲ ಅಂತ ತೇಜಪುರದ ಮಾನಸಿಕ ಆಸ್ಪತ್ರೆಗೆ ಕಳಿಸಿದರು. 1967ರಲ್ಲಿ ಆಸ್ಪತ್ರೆಯವರು 'ಇವನು ಸರಿಯಾಗಿದಾನೆ' ಅಂತ ಬರೆದುಕೊಟ್ಟರು. ಸರಿಯಾದವನನ್ನ ಮನೆಗಲ್ಲ, ಗುವಾಹಟಿಯ ಜೈಲಿಗೆ ಸಾಗಿಸಿದರು. ವಿಚಾರಣೆಯನ್ನ ಎಲ್ಲರೂ ಮರೆತರು. ಅಲ್ಲಿಂದ ಇನ್ನೂ 38 ವರ್ಷ. 2005ರಲ್ಲಿ ಹೊರಗೆ ಬಂದಾಗ ಅವನಿಗೆ 77 ವಯಸ್ಸು. ಒಂದು ರೂಪಾಯಿಯ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರಂತೆ. 54 ವರ್ಷಕ್ಕೆ ಒಂದು ರೂಪಾಯಿ! ಸುಪ್ರೀಂ ಕೋರ್ಟು 3 ಲಕ್ಷ ರೂಪಾಯಿ ಪರಿಹಾರ, ತಿಂಗಳಿಗೆ 1,000 ರೂಪಾಯಿ ಕೊಡಿ ಅಂತ ಅಸ್ಸಾಂ ಸರ್ಕಾರಕ್ಕೆ ಹೇಳಿತು. 2007ರ ಕೊನೆಯಲ್ಲಿ ಅವನು ತೀರಿಕೊಂಡ.

ಇದು ಎಲ್ಲೋ ಒಬ್ಬನ ಗ್ರಹಚಾರ ಅಂತ ತಳ್ಳಿಹಾಕಬೇಡಿ. 1982ರಲ್ಲಿ ಬಿಹಾರದ ಹಜಾರಿಬಾಗ್ ಜೈಲಿನ ಬಗ್ಗೆ ಸುಪ್ರೀಂ ಕೋರ್ಟಿಗೆ ಒಂದು ಕಾಗದ ಹೋಯಿತು, ಉಚಿತ ಕಾನೂನು ನೆರವು ಸಮಿತಿಯವರು ಬರೆದದ್ದು. ವೀಣಾ ಸೇಠಿ ಮೊಕದ್ದಮೆ ಅಂತ ಅದನ್ನ ಕರೀತಾರೆ. ಹುಚ್ಚರೆಂದು ಇಟ್ಟುಕೊಂಡಿದ್ದ ಕೈದಿಗಳು ವಾಸಿಯಾದ ಮೇಲೂ ವರ್ಷಗಟ್ಟಲೆ ಅಲ್ಲೇ ಇದ್ದರು. ಬಿಡಿ ಅಂತ ಹೇಳುವವರಿಲ್ಲ, ಅಷ್ಟೆ. ಕಾಯಿಲೆ ವಾಸಿಯಾಗಬಹುದು, ಕಾಗದ ವಾಸಿಯಾಗುವುದಿಲ್ಲ. 1993ರಲ್ಲಿ, ಶೀಲಾ ಬರ್ಸೆ ಹೂಡಿದ ಮೊಕದ್ದಮೆಯಲ್ಲಿ, ಅಪರಾಧವನ್ನೇ ಮಾಡದ ಮಾನಸಿಕ ರೋಗಿಗಳನ್ನ ಜೈಲಿಗೆ ಹಾಕುವುದು ಸಂವಿಧಾನಕ್ಕೆ ವಿರುದ್ಧ ಅಂತ ಕೋರ್ಟು ಹೇಳಬೇಕಾಯಿತು. ಹಾಗೆ ಹೇಳಬೇಕಾಯಿತು ಅಂದರೆ ಅಲ್ಲಿಯತನಕ ಹಾಕ್ತಾ ಇದ್ದರು ಅಂತಲೇ ಅರ್ಥ.

*

ಬಲವಂತದ ಚಿಕಿತ್ಸೆ ರೋಗಿಯಿಂದ ಮೊದಲು ಕಿತ್ತುಕೊಳ್ಳೋದು ಮಾತನ್ನ. 'ನನಗೆ ಹುಚ್ಚಿಲ್ಲ' ಅಂದರೆ ಅದೇ ಹುಚ್ಚಿನ ಗುರುತು. 'ನನಗೆ ಈ ಸೂಜಿ ಬೇಡ' ಅಂದರೆ ಅದೂ ಗುರುತು. ಅತ್ತರೆ ಕಾಯಿಲೆ, ಸಿಟ್ಟಾದರೆ ಕಾಯಿಲೆ, ಸುಮ್ಮನಿದ್ದರೆ ಮಾತ್ರ ವಾಸಿ. ಅಮೆರಿಕದ ಕರಿಯ ಗುಲಾಮರ ಕಥೆ ಇಲ್ಲಿ ನೆನಪಾಗುತ್ತೆ. 1851ರಲ್ಲಿ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎನ್ನುವ ವೈದ್ಯ ಒಡೆಯನ ತೋಟ ಬಿಟ್ಟು ಓಡಿಹೋಗುವ ಗುಲಾಮರಿಗೆ ಒಂದು ಮಾನಸಿಕ ರೋಗವಿದೆ ಎಂದ. ಅದಕ್ಕೆ ಡ್ರೇಪೆಟೋಮೇನಿಯಾ ಅಂತ ಹೆಸರಿಟ್ಟ. ಅವನು ಹೇಳಿದ ಮದ್ದು ಚಾಟಿಯೇಟು. ಬಿಡುಗಡೆಯ ಆಸೆಯೇ ರೋಗ, ಒಡೆಯನ ಚಾಟಿಯೇ ಔಷಧಿ! ನಮ್ಮಲ್ಲಿ ಜೀತ ಬಿಟ್ಟು ಓಡಿದವನಿಗೆ 'ತಲೆ ಕೆಟ್ಟು ಓಡಿದಾನೆ' ಅಂದ ಗೌಡನಿಗೂ ಆ ವೈದ್ಯನಿಗೂ ಏನು ವ್ಯತ್ಯಾಸ? ಅವನಿಗೆ ಡಿಗ್ರಿ ಇತ್ತು, ಇವನಿಗೆ ಇರಲಿಲ್ಲ.

ಎರಡನೆಯದು, ಬದುಕುವ ಅಭ್ಯಾಸವನ್ನೇ ಕಳಕೊಳ್ಳೋದು. 1959ರಲ್ಲಿ ರಸೆಲ್ ಬಾರ್ಟನ್ ಎನ್ನುವ ಇಂಗ್ಲಿಷ್ ವೈದ್ಯರು ಒಂದು ಪುಸ್ತಕ ಬರೆದರು. ವರ್ಷಗಟ್ಟಲೆ ಆಸ್ಪತ್ರೆಯಲ್ಲಿದ್ದವರು ಯಾವುದರಲ್ಲೂ ಆಸಕ್ತಿ ಇಲ್ಲದೆ, ತಾವಾಗಿ ಏನೂ ಶುರುಮಾಡದೆ, ಹೇಳಿದ್ದಕ್ಕೆಲ್ಲ ತಲೆಬಾಗಿಸಿ ಇರ್ತಾರಲ್ಲ, ಅದು ಮೂಲ ಕಾಯಿಲೆಯಲ್ಲ, ಸಂಸ್ಥೆಯೇ ಅಂಟಿಸಿದ ಇನ್ನೊಂದು ಕಾಯಿಲೆ ಅಂದರು. ಅದನ್ನ ಓದಿದಾಗ ನಮಗೆ ಕಂಡದ್ದು ಇಂಗ್ಲೆಂಡಲ್ಲ. ತಟ್ಟೆ ಹಿಡಿದು ಬಾಗಿಲಲ್ಲಿ ನಿಂತ ನಮ್ಮ ದೊಡ್ಡವ್ವ. ತಲೆತಲಾಂತರದಿಂದ ಬಾಗಿಲಾಚೆ ನಿಂತು ಬೊಗಸೆಗೆ ಹುಯ್ಯಿಸಿಕೊಂಡ ಜನ ನಾವು. ಒಳಗೆ ಬಂದು ಕೂತು ಉಣ್ಣೋದನ್ನ ಕಲಿಯಲಿಕ್ಕೆ ನಮಗೆ ಇಷ್ಟು ಕಾಲ ಬೇಕಾಯಿತು. ಅದನ್ನ ಮರೆಸಲಿಕ್ಕೆ ನಾಲ್ಕು ವರ್ಷ ಸಾಕಾಯಿತು.

ಮೂರನೆಯದು, ಹಕ್ಕುಗಳು. ಚಿತ್ತಸ್ವಾಸ್ಥ್ಯ ಇಲ್ಲದವನು ಅಂತ ಕೋರ್ಟು ಹೇಳಿದರೆ ಓಟಿನ ಪಟ್ಟಿಯಿಂದ ಹೆಸರು ಹೋಗುತ್ತೆ, ಇದು 1950ರ ಪ್ರಜಾಪ್ರತಿನಿಧಿ ಕಾಯಿದೆಯಲ್ಲೇ ಇದೆ. 1872ರ ಕರಾರು ಕಾಯಿದೆ, 1955ರ ಹಿಂದೂ ವಿವಾಹ ಕಾಯಿದೆ, ಎಲ್ಲದರಲ್ಲೂ ಇಂಥದೊಂದು ಕಲಮು ಕೂತಿದೆ. ಗಂಡನಿಗೆ ಬೇಡವಾದ ಹೆಂಡತಿಯನ್ನ, ಅಣ್ಣತಮ್ಮಂದಿರಿಗೆ ಪಾಲು ಕೊಡಲು ಇಷ್ಟವಿಲ್ಲದ ಅಕ್ಕತಂಗಿಯನ್ನ ಹೊರಗೆ ಹಾಕಲು ಇದಕ್ಕಿಂತ ಸಲೀಸಾದ ದಾರಿ ಯಾವುದಿದೆ?

ನಾಲ್ಕನೆಯದು ಮೈಯ ನೋವು. ಕರೆಂಟ್ ಕೊಡೋದು ಅಂತ ನಮ್ಮ ಜನ ಭಯಪಡೋ ಚಿಕಿತ್ಸೆ 1938ರಲ್ಲಿ ರೋಮಿನಲ್ಲಿ ಶುರುವಾದದ್ದು. ಎಚ್ಚರ ತಪ್ಪಿಸಿ, ಸ್ನಾಯು ಸಡಿಲಿಸುವ ಔಷಧಿ ಕೊಟ್ಟು ಮಾಡಿದರೆ ಅದರಿಂದ ಉಪಕಾರವಾದವರಿದ್ದಾರೆ. ಅವೆರಡೂ ಇಲ್ಲದೆ ಮಾಡಿದರೆ ಮೂಳೆ ಮುರಿಯಬಹುದು. ನಮ್ಮ ದೇಶದಲ್ಲಿ ಬಹಳ ಕಾಲ ಹಾಗೂ ನಡೀತು. ಅದನ್ನ ಕಾನೂನು ನಿಷೇಧಿಸಿದ್ದು 2017ರಲ್ಲಿ.

ಕಡೆಯದು ಎಲ್ಲಕ್ಕಿಂತ ಕೆಟ್ಟದ್ದು. ಬಲವಂತ ಕಂಡವರು ಮತ್ತೆ ಚಿಕಿತ್ಸೆಯ ಹತ್ತಿರ ಸುಳಿಯೋದಿಲ್ಲ. ಕಂಡವರನ್ನ ಕಂಡವರೂ ಸುಳಿಯೋದಿಲ್ಲ. ನಮ್ಮ ಕೇರಿಯಲ್ಲಿ ದೊಡ್ಡವ್ವನಾದ ಮೇಲೆ ಇಬ್ಬರಿಗೆ ಇಂಥ ಕಾಯಿಲೆ ಬಂತು. ಇಬ್ಬರನ್ನೂ ಆಸ್ಪತ್ರೆಗೆ ತೋರಿಸಲಿಲ್ಲ. ಒಬ್ಬನನ್ನ ದೆವ್ವ ಬಿಡಿಸೋನ ಹತ್ತಿರ ಒಯ್ದರು, ಇನ್ನೊಬ್ಬನನ್ನ ಹಟ್ಟಿಯ ಕಂಬಕ್ಕೆ ಕಟ್ಟಿದರು.

*

ಹಾಗಾದರೆ ಚಿಕಿತ್ಸೆಯೇ ಬೇಡವಾ? ನಮ್ಮ ಕೆಲವು ಗೆಳೆಯರು ಹುಚ್ಚನ್ನೇ ಬಂಡಾಯ ಅಂತ ಹಾಡಿ ಹೊಗಳ್ತಾರೆ. ಪಟ್ಟಣದ ಕೋಣೆಯಲ್ಲಿ ಕೂತು ಹಾಗೆ ಬರೆಯಬಹುದು. ರಾತ್ರಿಯೆಲ್ಲ ಕೂಗಿ ಗಂಟಲು ಒಡೆದುಕೊಂಡ ದೊಡ್ಡವ್ವನ ಪಕ್ಕ ಮಲಗಿದವರು ಹಾಗೆ ಬರೆಯಲಾರರು. ಕಾಯಿಲೆ ನಿಜ, ಅದರ ಸಂಕಟವೂ ನಿಜ. ಕೆಲವರು ವಾಸಿಯಾದ ಮೇಲೆ 'ಆವತ್ತು ನನ್ನನ್ನ ಹಿಡಿದು ಕರೆದೊಯ್ದದ್ದೇ ಒಳ್ಳೇದಾಯ್ತು' ಅಂತಲೂ ಹೇಳ್ತಾರೆ. ಅವರ ಮಾತನ್ನೂ ನಾವು ಕೇಳಬೇಕು.

ಬಿಟ್ಟುಬಿಟ್ಟರೆ ಏನಾಗುತ್ತೆ ಅಂತ ಏರ್ವಾಡಿ ತೋರಿಸಿದೆ. ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಆ ದರ್ಗಾದ ಊರಿನಲ್ಲಿ ಖಾಸಗಿಯವರು ನಡೆಸುತ್ತಿದ್ದ ಹುಚ್ಚರ ಮನೆಗಳಿದ್ದವು. 2001ರ ಆಗಸ್ಟ್ 6ರ ಬೆಳಗಿನ ಜಾವ ಒಂದು ಮನೆಗೆ ಬೆಂಕಿ ಬಿತ್ತು. ಒಳಗಿದ್ದವರನ್ನ ಸರಪಳಿಯಲ್ಲಿ ಕಟ್ಟಿದ್ದರು. ಓಡಲಾಗಲಿಲ್ಲ. 28 ಜನ ಸುಟ್ಟುಹೋದರು. ಅವರನ್ನ ಅಲ್ಲಿ ಬಿಟ್ಟುಹೋದವರು ರಾಕ್ಷಸರಲ್ಲ, ಅವರ ತಾಯಿತಂದೆ, ಗಂಡ, ಅಣ್ಣಂದಿರು. ಹತ್ತಿರ ಡಾಕ್ಟರಿಲ್ಲ, ಇದ್ದ ಆಸ್ಪತ್ರೆಯ ಮೇಲೆ ನಂಬಿಕೆಯಿಲ್ಲ, ಕೂಲಿ ಬಿಟ್ಟು ಕಾಯಲಿಕ್ಕೆ ಯಾರೂ ಇಲ್ಲ. ಸರ್ಕಾರದ ಗೋಡೆ ಒಂದು ಕಡೆ, ಖಾಸಗಿ ಸರಪಳಿ ಇನ್ನೊಂದು ಕಡೆ. ಬಡವನಿಗೆ ಮೂರನೇ ದಾರಿ ಇರಲಿಲ್ಲ.

ಮೂರನೇ ದಾರಿ ಸಾಧ್ಯವೇ ಇರಲಿಲ್ಲವಾ? ಇತ್ತು. 1950ರ ದಶಕದಲ್ಲಿ ಅಮೃತಸರದ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರನ್ನೇ ಕರೆಸಿ, ಅಂಗಳದಲ್ಲಿ ಡೇರೆ ಹಾಕಿಸಿ, ಜೊತೆಯಲ್ಲೇ ಇರಲು ಬಿಟ್ಟರು. ನಮ್ಮವರು ಪಕ್ಕದಲ್ಲಿದ್ದರೆ ಆಸ್ಪತ್ರೆ ಜೈಲಾಗುವುದಿಲ್ಲ, ಇಷ್ಟು ಸರಳವಾದ ಮಾತು. ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ 1985ರಿಂದ ನಿಮ್ಹಾನ್ಸಿನವರು ಇನ್ನೊಂದು ಕೆಲಸ ಮಾಡಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಹಳ್ಳಿ ತಿರುಗುವ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಜ್ವರದ ಮಾತ್ರೆ ಸಿಗುವ ಜಾಗದಲ್ಲೇ ಈ ಮಾತ್ರೆಯೂ ಸಿಗುವ ಹಾಗೆ ಮಾಡಿದರು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿಯಾಯಿತು. ಇಟಲಿಯಲ್ಲಿ ಫ್ರಾಂಕೊ ಬಸಾಲಿಯಾ ಎನ್ನುವ ವೈದ್ಯರ ಹೋರಾಟದಿಂದ 1978ರಲ್ಲಿ ಹುಚ್ಚಾಸ್ಪತ್ರೆಗಳನ್ನ ಮುಚ್ಚುವ ಕಾನೂನೇ ಬಂತು. ಗೋಡೆ ಇಲ್ಲದೆಯೂ ಚಿಕಿತ್ಸೆ ಮಾಡಬಹುದು ಅಂತ ಗೊತ್ತಾಗಿ ಇಷ್ಟು ಕಾಲವಾಯಿತು. ಗೊತ್ತಿದ್ದೂ ಮಾಡದೇ ಇರೋದಕ್ಕೆ ಏನಂತ ಹೆಸರಿಡೋಣ?

*

2017ರಲ್ಲಿ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಬಂತು. 2018ರ ಮೇ 29ರಿಂದ ಜಾರಿಯಲ್ಲಿದೆ. ಮೇಷ್ಟ್ರುಗಳೇ, ವಿದ್ಯಾರ್ಥಿ ಮಿತ್ರರೇ, ಇದನ್ನ ಓದಿ ಕೇರಿಗಳಲ್ಲಿ ಹೇಳಿ. ಯಾರನ್ನೂ ಸರಪಳಿಯಲ್ಲಿ ಕಟ್ಟುವಂತಿಲ್ಲ. ಬೀದಿಯಲ್ಲಿ ಸಿಕ್ಕವರನ್ನ ಪೊಲೀಸರು ಲಾಕಪ್ಪಿಗೂ ಜೈಲಿಗೂ ಹಾಕುವಂತಿಲ್ಲ, 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು. ಒಪ್ಪಿಗೆ ಇಲ್ಲದೆ ದಾಖಲು ಮಾಡಬೇಕಾದರೆ ಇಬ್ಬರು ತಜ್ಞರು ಬೇರೆ ಬೇರೆಯಾಗಿ ನೋಡಿರಬೇಕು, ಮೊದಲ ಸಲಕ್ಕೆ 30 ದಿನ ಮೀರುವಂತಿಲ್ಲ, ಅದನ್ನ ಮಂಡಳಿಯ ಮುಂದೆ ಪ್ರಶ್ನಿಸಬಹುದು. ಉಚಿತ ವಕೀಲರನ್ನ ಕೇಳುವ ಹಕ್ಕಿದೆ. ಚೆನ್ನಾಗಿರುವಾಗಲೇ 'ನನಗೆ ಕಾಯಿಲೆಯಾದರೆ ಹೀಗೆ ನೋಡಿಕೊಳ್ಳಿ, ಹೀಗೆ ಬೇಡ' ಅಂತ ಬರೆದಿಡಬಹುದು, ತನ್ನ ಪರ ಮಾತಾಡಲಿಕ್ಕೆ ಒಬ್ಬರನ್ನ ಹೆಸರಿಸಬಹುದು. ಇನ್ನೂ ಒಂದು ಕಲಮನ್ನ ಬಂಡಾಯದ ಎಲ್ಲ ಗೆಳೆಯರೂ ನೆನಪಿಡಬೇಕು. ಸಮಾಜದ ನೀತಿ, ಸಂಸ್ಕೃತಿ, ರಾಜಕೀಯವನ್ನ ಒಪ್ಪದೇ ಇರೋದನ್ನ ಮಾನಸಿಕ ಕಾಯಿಲೆ ಅಂತ ತೀರ್ಮಾನಿಸುವಂತಿಲ್ಲ. ಎದುರು ನಿಂತು ಮಾತಾಡಿದವನಿಗೆ ತಲೆ ಕೆಟ್ಟಿದೆ ಅನ್ನೋ ಗೌಡನಿಗೆ ಈ ಕಲಮನ್ನ ಓದಿ ಹೇಳಿ.

ಕಾಯಿದೆ ಬಂದ ಮಾತ್ರಕ್ಕೆ ಗೋಡೆ ಬೀಳೋದಿಲ್ಲ. 1955ರಲ್ಲಿ ಅಸ್ಪೃಶ್ಯತೆಯ ಕಾಯಿದೆ ಬಂತು, 1976ರಲ್ಲಿ ಜೀತದ ಕಾಯಿದೆ ಬಂತು, ಆಮೇಲೆ ಏನೇನಾಯಿತು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾಯಿದೆಯನ್ನ ಹಿಡಿದು ನಿಲ್ಲೋ ಜನ ಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಮಾತ್ರೆ ಇದೆಯಾ ಅಂತ ಕೇಳಬೇಕು, ಇಲ್ಲದಿದ್ದರೆ ಧರಣಿ ಕೂರಬೇಕು. ಕಾಯಿಲೆ ಬಿದ್ದವರ ಜೊತೆ ಬಸ್ಸು ಹತ್ತಬೇಕು, ಚೀಟಿ ಬರೆಸಿ ಅವರ ಪಕ್ಕದಲ್ಲಿ ಕೂರಬೇಕು. ಪೊಲೀಸರಿಗೆ ಹೇಳಿಕಳಿಸುವ ಮೊದಲು 'ನಿನಗೇನು ಬೇಕು?' ಅಂತ ಅವರನ್ನೇ ಒಂದು ಮಾತು ಕೇಳಬೇಕು. ನಮ್ಮ ದೊಡ್ಡವ್ವನನ್ನ ಯಾರೂ ಕೇಳಿರಲಿಲ್ಲ.

ಅಜ್ಜ ಹೆಬ್ಬೆಟ್ಟು ಒತ್ತಿದ ದಿನ ಕಾಗದ ಓದಿ ಹೇಳಲಿಕ್ಕೆ ಯಾರೂ ಇರಲಿಲ್ಲ. ಈಗ ನಾವಿದ್ದೇವೆ. ಓದೋಣ.